ಗಣಕ ಮಾದರಿಗಳ ಸಂಶೋಧನೆ ಮತ್ತು ನಮ್ಮ ಮಕ್ಕಳು

(ಸಂಸ್ಥೆಯ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಉರ್ದು ಮತ್ತು ಕನ್ನಡ ಕಲಿಸುವ ಶಿಕ್ಷಕಿಗೆ ವಿಜ್ಞಾನ ಸಂಶೋಧನೆಯ ವಿಷಯ ಯಾಕೆ ಕೊಟ್ಟರು ಎಂದು ನಿಮ್ಮಲ್ಲಿ ಕೆಲವರು ಯೋಚಿಸುತ್ತಿರಬಹುದು. ಈ ವಿಷಯವನ್ನು ನಾನೇ ಕೇಳಿ ಪಡೆದುಕೊಂಡೆ. ಶಾಲೆ ಬಿಟ್ಟು ಕಾಲೇಜು, ವಿಶ್ವವಿದ್ಯಾಲಯ ಸೇರಿದ ನಮ್ಮ ಹಳೆಯ ವಿದ್ಯಾರ್ಥಿಗಳು ಅರ್ಜಿ ಬರೆಯಬೇಕಾದಾಗ ಭಾಷಾ ಶಿಕ್ಷಕರ ಬಳಿಗೇ ಬರುತ್ತಾರೆ. ಆ ಅರ್ಜಿಗಳನ್ನು ತಿದ್ದುತ್ತಾ ತಿದ್ದುತ್ತಾ ಒಂದು ಸಂಗತಿ ನನಗೆ ಮನದಟ್ಟಾಯಿತು. ಎಂ.ಎಸ್‌ಸಿ.ಯಲ್ಲಿ ಒಳ್ಳೆಯ ಅಂಕ ಪಡೆದ ಮಕ್ಕಳು ಕೂಡ ಪಿಎಚ್.ಡಿ.ಯನ್ನು ಹಣವಂತರ ಓದು ಎಂದು ತಿಳಿದಿದ್ದಾರೆ. ಒಬ್ಬ ತಂದೆ, "ಪಿಎಚ್.ಡಿ.ಗೆ ವರ್ಷಕ್ಕೆ ಫೀಸು ಎಷ್ಟಾಗುತ್ತೆ ಟೀಚರ್?" ಎಂದು ಕೇಳಿದರು. "ಫೀಸಿನ ಮಾತು ಆಮೇಲೆ ಭಾಯಿ, ಅವರು ನಿಮ್ಮ ಮಗಳಿಗೆ ತಿಂಗಳಿಗೆ ಎಷ್ಟು ಕೊಡುತ್ತಾರೆ ಅನ್ನೋದನ್ನು ಮೊದಲು ಹೇಳ್ತೀನಿ" ಎಂದೆ. ನಾನು ತಮಾಷೆ ಮಾಡುತ್ತಿದ್ದೇನೆಂದು ಅವರು ನಕ್ಕುಬಿಟ್ಟರು.

ತಮಾಷೆಯಲ್ಲ. ಆ ಲೆಕ್ಕವನ್ನು ಇಂದು ನಿಮ್ಮ ಮುಂದೆ ಇಡುತ್ತೇನೆ. ಆದರೆ ಹಣಕ್ಕಿಂತ ಮೊದಲು ವಿದ್ಯೆ ಯಾವುದು ಎಂದು ತಿಳಿಯಬೇಕು. ನಾನು ಆರಿಸಿಕೊಂಡಿರುವುದು ಕಂಪ್ಯೂಟೇಶನಲ್ ಮಾಡೆಲಿಂಗ್, ಅಂದರೆ ಪ್ರಕೃತಿಯ ವ್ಯಾಪಾರಗಳನ್ನು ಗಣಿತವಾಗಿಸಿ, ಆ ಗಣಿತವನ್ನು ಕಂಪ್ಯೂಟರಿನಲ್ಲಿ ನಡೆಸಿ ನೋಡುವ ವಿದ್ಯೆ. ಮಾಡೆಲ್ ಎಂಬುದಕ್ಕೆ ಉರ್ದುವಿನಲ್ಲಿ ನಮೂನಾ ಎನ್ನುತ್ತೇವೆ. ಕನ್ನಡಿಗರಿಗೂ ನಮೂನೆ ಗೊತ್ತು, ಆದರೆ ತಾಲ್ಲೂಕು ಕಚೇರಿಯಲ್ಲಿ ತುಂಬಿಸುವ ನಮೂನೆಯಾಗಿ ಮಾತ್ರ!

ಒಂದು ಸಣ್ಣ ಉದಾಹರಣೆ ಕೊಡುತ್ತೇನೆ. ನಿಮ್ಮ ಎದುರಿಗೆ ಒಂದು ಲೋಟ ಚಹಾ ಇದೆ. ಅದರ ಬಿಸಿ 80 ಡಿಗ್ರಿ, ಕೋಣೆಯ ಬಿಸಿ 30 ಡಿಗ್ರಿ, ನಡುವಿನ ವ್ಯತ್ಯಾಸ 50. ಪ್ರತಿ ನಿಮಿಷಕ್ಕೆ ಈ ವ್ಯತ್ಯಾಸದ ಹತ್ತನೇ ಒಂದು ಭಾಗ ಕಡಿಮೆಯಾಗುತ್ತದೆ ಎಂದು ಊಹಿಸಿಕೊಳ್ಳಿ. ಒಂದು ನಿಮಿಷದ ನಂತರ ಚಹಾ 75 ಡಿಗ್ರಿ, ಎರಡನೇ ನಿಮಿಷಕ್ಕೆ 70.5, ಮೂರನೇ ನಿಮಿಷಕ್ಕೆ 66.45. ಇದು ಒಂದು ಮಾದರಿ. ಇನ್ನು ಉಷ್ಣಮಾಪಕ ಹಿಡಿದು ನಿಜವಾದ ಚಹಾವನ್ನು ಅಳೆಯಿರಿ. ಹೊಂದಲಿಲ್ಲವೇ? ಹತ್ತನೇ ಒಂದು ಎಂಬುದನ್ನು ಬದಲಾಯಿಸಿ, ಗಾಳಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ, ಲೋಟ ಸ್ಟೀಲಿನದೋ ಗಾಜಿನದೋ ನೋಡಿ. ಹೀಗೆ ಊಹಿಸುವುದು, ಲೆಕ್ಕ ಮಾಡುವುದು, ಅಳೆದು ತಿದ್ದುವುದು, ಇಷ್ಟೇ ಈ ವಿದ್ಯೆಯ ತಿರುಳು. ಚಹಾದ ಜಾಗದಲ್ಲಿ ಸಮುದ್ರ, ಮೋಡ, ರೋಗ, ಔಷಧದ ಅಣು ಬಂದಾಗ ಕೋಟಿಗಟ್ಟಲೆ ಸಲ ಈ ಲೆಕ್ಕ ಮಾಡಬೇಕಾಗುತ್ತದೆ. ಅದಕ್ಕೇ ಕಂಪ್ಯೂಟರ್ ಬೇಕು.

ರೋಗದ ಮಾತು ಬಂತು. 2020ರ ಕೋವಿಡ್ ಕಾಲದಲ್ಲಿ ಪತ್ರಿಕೆಗಳಲ್ಲಿ ಸೋಂಕಿನ ಗುಡ್ಡದಂಥ ವಕ್ರರೇಖೆಗಳನ್ನು ನೀವೆಲ್ಲ ನೋಡಿದ್ದೀರಿ. ಅದರ ಮೂಲ ಗಣಿತ 1927ರದು. ಬರೆದವರು ಇಬ್ಬರು, ಮೆಕೆಂಡ್ರಿಕ್ ಮತ್ತು ಕರ್ಮ್ಯಾಕ್. ಮೆಕೆಂಡ್ರಿಕ್ ಭಾರತದ ವೈದ್ಯಕೀಯ ಸೇವೆಯಲ್ಲಿದ್ದ ಡಾಕ್ಟರು, ಕಸೌಲಿಯ ಪಾಶ್ಚರ್ ಸಂಸ್ಥೆಯ ಮುಖ್ಯಸ್ಥರಾಗಿದ್ದವರು. ಕರ್ಮ್ಯಾಕ್ ರಸಾಯನಶಾಸ್ತ್ರಜ್ಞರು. 1924ರಲ್ಲಿ ಪ್ರಯೋಗಾಲಯದ ಅಪಘಾತದಲ್ಲಿ ಎರಡೂ ಕಣ್ಣು ಕಳೆದುಕೊಂಡರು. ಕಣ್ಣಿಲ್ಲದ ರಸಾಯನಶಾಸ್ತ್ರಜ್ಞ ಲೋಟ ನಳಿಕೆ ಬಿಟ್ಟು ಗಣಿತದ ಕಡೆಗೆ ಹೊರಳಿದರು. ಇವರಿಬ್ಬರು ತಮ್ಮ ಸಮೀಕರಣವನ್ನು ಪರೀಕ್ಷಿಸಿದ್ದು ಎಲ್ಲಿಯ ಅಂಕಿಗಳಿಂದ ಗೊತ್ತೇ? 1905-06ರ ಮುಂಬಯಿ ಪ್ಲೇಗಿನಲ್ಲಿ ವಾರ ವಾರಕ್ಕೆ ಸತ್ತವರ ಲೆಕ್ಕದಿಂದ. ಊರಿನ ಜನರನ್ನು ಮೂರು ಪಾಲು ಮಾಡಿದರು: ರೋಗ ತಗುಲಬಹುದಾದವರು, ರೋಗ ಹರಡುತ್ತಿರುವವರು, ಗುಣವಾದವರು ಇಲ್ಲವೇ ತೀರಿಹೋದವರು. ಒಂದು ಪಾಲಿನಿಂದ ಇನ್ನೊಂದಕ್ಕೆ ದಿನಕ್ಕೆ ಎಷ್ಟು ಜನ ಹೋಗುತ್ತಾರೆ ಎಂಬುದೇ ಲೆಕ್ಕ. ಚಹಾದ ಲೆಕ್ಕದಂತೆಯೇ. ಅದೇ ಆಲೋಚನೆ ಮುಂದೆ ಬೆಳೆದು, 2020ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಬೆಂಗಳೂರು, ಮುಂಬಯಿಗಳನ್ನೇ ಕಂಪ್ಯೂಟರಿನೊಳಗೆ ಕಟ್ಟಿದರು. ಮನೆ, ಶಾಲೆ, ಕಚೇರಿ, ಪ್ರಯಾಣ ಎಲ್ಲವನ್ನೂ ಸೇರಿಸಿ, ಯಾವುದನ್ನು ಮುಚ್ಚಿದರೆ ಸೋಂಕು ಎಷ್ಟು ತಗ್ಗುತ್ತದೆ ಎಂದು ನಡೆಸಿ ನೋಡಿದರು. ನಿಜವಾದ ಊರಿನ ಮೇಲೆ ಇಂಥ ಪ್ರಯೋಗ ಮಾಡಲು ಬರುವುದಿಲ್ಲವಲ್ಲ!

ಹವಾಮಾನದ ಕಥೆ ಇನ್ನೂ ಸ್ವಾರಸ್ಯಕರ. ಲೂಯಿಸ್ ಫ್ರೈ ರಿಚರ್ಡ್‌ಸನ್ ಎಂಬ ಇಂಗ್ಲಿಷ್ ವಿಜ್ಞಾನಿ ಮೊದಲ ಮಹಾಯುದ್ಧದಲ್ಲಿ ಬಂದೂಕು ಹಿಡಿಯಲು ಒಪ್ಪದೆ ಫ್ರಾನ್ಸಿನಲ್ಲಿ ಗಾಯಾಳುಗಳನ್ನು ಸಾಗಿಸುವ ಗಾಡಿ ಓಡಿಸುತ್ತಿದ್ದರು. ಬಿಡುವಿನಲ್ಲಿ ಕೈಯಿಂದಲೇ ಹವೆಯ ಲೆಕ್ಕ ಮಾಡಿದರು. ಕೇವಲ ಆರು ಗಂಟೆಯ ಮುನ್ಸೂಚನೆಗೆ ಆರು ವಾರ ಹಿಡಿಯಿತು, ಬಂದ ಉತ್ತರವೂ ತಪ್ಪು. 1917ರ ಯುದ್ಧದ ಗದ್ದಲದಲ್ಲಿ ಹಸ್ತಪ್ರತಿ ಕಳೆದುಹೋಗಿ, ತಿಂಗಳುಗಳ ಮೇಲೆ ಬೆಲ್ಜಿಯಮ್ಮಿನಲ್ಲಿ ಕಲ್ಲಿದ್ದಲಿನ ರಾಶಿಯಡಿ ಸಿಕ್ಕಿತು. 1922ರಲ್ಲಿ ಅವರು ಪುಸ್ತಕ ಪ್ರಕಟಿಸಿದರು, ತಪ್ಪು ಉತ್ತರವನ್ನೂ ಮುಚ್ಚಿಡದೆ ಅಚ್ಚು ಮಾಡಿಸಿದರು. 64,000 ಜನ ಲೆಕ್ಕಿಗರು ಒಂದು ದೊಡ್ಡ ಸಭಾಂಗಣದಲ್ಲಿ ಕುಳಿತು ಲೆಕ್ಕ ಮಾಡಿದರೆ ಹವೆಯ ಜೊತೆ ಹೆಜ್ಜೆ ಹಾಕಬಹುದು ಎಂದು ಅದರಲ್ಲಿ ಕನಸು ಕಂಡರು. 1950ರಲ್ಲಿ ಅಮೆರಿಕದ ಎನಿಯಾಕ್ ಕಂಪ್ಯೂಟರಿನ ಮೇಲೆ ಮೊದಲ ಗಣಕ ಮುನ್ಸೂಚನೆ ಮಾಡಿದಾಗ, 24 ಗಂಟೆಯ ಮುನ್ಸೂಚನೆಗೆ ಸುಮಾರು 24 ಗಂಟೆಯೇ ಹಿಡಿಯಿತು. ನಮ್ಮ ದೇಶದಲ್ಲಿ ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆ ರೂಪಿಸಿದ ಭಾರತ್ ಫೋರ್‌ಕಾಸ್ಟ್ ಸಿಸ್ಟಂ 2025ರ ಮೇ ತಿಂಗಳಲ್ಲಿ ಬಳಕೆಗೆ ಬಂತು. ಹಿಂದೆ 12 ಕಿಲೋಮೀಟರಿಗೊಂದು ಚೌಕದಂತೆ ಲೆಕ್ಕ ಮಾಡುತ್ತಿದ್ದುದು ಈಗ 6 ಕಿಲೋಮೀಟರಿಗೆ ಇಳಿದಿದೆ. ಒಂದು ಹೋಬಳಿಗೆ ಮಳೆ, ಪಕ್ಕದ ಹೋಬಳಿಗೆ ಬರಿ ಮೋಡ ಎಂಬ ನಮ್ಮ ಸೀಮೆಯ ರೈತನಿಗೆ ಈ 6 ಕಿಲೋಮೀಟರಿನ ಬೆಲೆ ಗೊತ್ತಿದೆ.

ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಎಂಬ ಗೋಡೆಗಳು ಈ ವಿದ್ಯೆಯಲ್ಲಿ ತೆಳುವಾಗುತ್ತವೆ. ಮದ್ರಾಸಿನಲ್ಲಿ ಜಿ.ಎನ್. ರಾಮಚಂದ್ರನ್ ಮತ್ತು ಅವರ ಸಹೋದ್ಯೋಗಿಗಳು ಪ್ರೋಟೀನು ಎಷ್ಟು ಬಗೆಯಲ್ಲಿ ಬಾಗಬಲ್ಲದು ಎಂದು ಲೆಕ್ಕ ಹಾಕಿ 1963ರಲ್ಲಿ ಪ್ರಕಟಿಸಿದ ನಕ್ಷೆಯನ್ನು ಇಂದಿಗೂ ಜಗತ್ತಿನ ಜೀವವಿಜ್ಞಾನಿಗಳು ಓದುತ್ತಾರೆ. ರಾಮಚಂದ್ರನ್ ಭೌತಶಾಸ್ತ್ರ ಓದಿದವರು. ಮುಂದೆ ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ ಒಂದು ವಿಭಾಗವನ್ನೇ ಕಟ್ಟಿದರು. 2021ರ ಭೌತಶಾಸ್ತ್ರದ ನೊಬೆಲ್ ಪ್ರಶಸ್ತಿಯಲ್ಲಿ ಹವಾಮಾನದ ಮಾದರಿ ಕಟ್ಟಿದ ಮನಾಬೆ ಅವರಿಗೆ ಪಾಲಿತ್ತು. 2024ರ ರಸಾಯನಶಾಸ್ತ್ರದ ನೊಬೆಲ್ ಪ್ರೋಟೀನಿನ ಆಕಾರವನ್ನು ಕಂಪ್ಯೂಟರಿನಿಂದ ಕಂಡುಹಿಡಿದವರಿಗೂ ಹೊಸ ಪ್ರೋಟೀನು ರೂಪಿಸಿದವರಿಗೂ ಹೋಯಿತು.

ಹೆಣ್ಣುಮಕ್ಕಳು ಒಂದು ಹೆಸರು ಬರೆದುಕೊಳ್ಳಿ: ಮೇರಿ ಸಿಂಗು. 1950ರ ದಶಕದಲ್ಲಿ ಅಮೆರಿಕದ ಲಾಸ್ ಅಲಾಮೋಸಿನಲ್ಲಿ ಫರ್ಮಿ, ಪಾಸ್ತಾ, ಉಲಾಮ್ ಎಂಬ ಮೂವರು ದೊಡ್ಡವರ ಪ್ರಯೋಗವೊಂದನ್ನು ಕಂಪ್ಯೂಟರಿಗೆ ಅಳವಡಿಸಿದವರು ಈಕೆ. ಪ್ರಕೃತಿಯನ್ನು ಕಂಪ್ಯೂಟರಿನಲ್ಲೇ ಪ್ರಯೋಗಕ್ಕೆ ಒಡ್ಡಿದ ಮೊದಮೊದಲ ಕೆಲಸಗಳಲ್ಲಿ ಅದು ಒಂದು. 1955ರ ವರದಿಯಲ್ಲಿ ಆಕೆಗೆ ಸಿಕ್ಕಿದ್ದು ಅಡಿಟಿಪ್ಪಣಿಯಲ್ಲಿ ಒಂದು ಸಾಲಿನ ಕೃತಜ್ಞತೆ. ಅರ್ಧ ಶತಮಾನ ಕಳೆದು, 2008ರಲ್ಲಿ ಒಂದು ಲೇಖನ ಬಂದ ಮೇಲೆ ಆ ಸಮಸ್ಯೆಯ ಹೆಸರಿಗೆ ಆಕೆಯ ಹೆಸರೂ ಸೇರತೊಡಗಿತು.

ಈಗ ಹಣದ ಮಾತು. ಸಿಎಸ್‌ಐಆರ್-ಯುಜಿಸಿ ನೆಟ್ ಎಂಬ ಪರೀಕ್ಷೆ ಇದೆ. ರಸಾಯನ, ಭೌತ, ಜೀವ, ಭೂ ಮತ್ತು ಗಣಿತ ವಿಜ್ಞಾನಗಳಲ್ಲಿ ಸಾಮಾನ್ಯವಾಗಿ ವರ್ಷಕ್ಕೆ ಎರಡು ಸಲ ನಡೆಯುತ್ತದೆ. ಇದರಲ್ಲಿ ಜೂನಿಯರ್ ರಿಸರ್ಚ್ ಫೆಲೋಶಿಪ್, ಅಂದರೆ ಜೆಆರ್‌ಎಫ್ ಗಿಟ್ಟಿಸಿದವರಿಗೆ 2023ರ ಜನವರಿಯಿಂದ ಜಾರಿಗೆ ಬಂದ ದರದಂತೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ. ಕೆಲಸ ತೃಪ್ತಿಕರ ಎನಿಸಿದರೆ ಮುಂದಿನ ಮೂರು ವರ್ಷ 42,000. ಹಾಸ್ಟೆಲ್ ಸಿಗದಿದ್ದರೆ ಮನೆ ಬಾಡಿಗೆ ಭತ್ಯೆ ಬೇರೆ. ಕೂಡಿಸಿ ನೋಡಿ: ಮೊದಲ ಎರಡು ವರ್ಷಕ್ಕೆ 8,88,000, ನಂತರದ ಮೂರು ವರ್ಷಕ್ಕೆ 15,12,000, ಒಟ್ಟು 24 ಲಕ್ಷ. ಸಂಸ್ಥೆಯ ಶುಲ್ಕ, ಊಟದ ಖರ್ಚು ಇದರಲ್ಲೇ ಕಳೆಯಬೇಕು, ನಿಜ. ಕೆಲವು ಸಲ ಹಣ ತಡವಾಗಿ ಬರುವುದೂ ಉಂಟು, ಆದ್ದರಿಂದ ಮೊದಲ ಕೆಲವು ತಿಂಗಳಿಗೆ ಕೈಯಲ್ಲಿ ಸ್ವಲ್ಪ ಇಟ್ಟುಕೊಂಡು ಹೋಗಬೇಕು. ಆದರೂ ಇದು ಸಾಲವಲ್ಲ, ತೀರಿಸಬೇಕಾದ್ದಿಲ್ಲ. ಪ್ರಧಾನಮಂತ್ರಿ ರಿಸರ್ಚ್ ಫೆಲೋಶಿಪ್ ಎಂಬುದು 2018ರಲ್ಲಿ ಆರಂಭವಾದಾಗ ಮೊದಲ ಎರಡು ವರ್ಷಕ್ಕೆ ತಿಂಗಳಿಗೆ 70,000, ಮೂರನೇ ವರ್ಷ 75,000, ನಂತರ 80,000 ಎಂದು ನಿಗದಿಯಾಗಿತ್ತು. ಅದರ ಪೈಪೋಟಿ ಬಹಳ ಬಿಗಿ.

ಇಲ್ಲೊಂದು ಎಚ್ಚರಿಕೆ. 2024ರಿಂದ ನೆಟ್ ಫಲಿತಾಂಶದಲ್ಲಿ ಮೂರು ವರ್ಗಗಳಿವೆ. ಮೊದಲನೆಯದು ಜೆಆರ್‌ಎಫ್, ಎರಡನೆಯದು ಸಹಾಯಕ ಪ್ರಾಧ್ಯಾಪಕ ಅರ್ಹತೆ ಮತ್ತು ಪಿಎಚ್.ಡಿ. ಪ್ರವೇಶ, ಮೂರನೆಯದು ಪಿಎಚ್.ಡಿ. ಪ್ರವೇಶಕ್ಕೆ ಮಾತ್ರ. ಫೆಲೋಶಿಪ್ ಇರುವುದು ಮೊದಲನೆಯದಕ್ಕೆ. "ನೆಟ್ ಪಾಸಾದೆ ಟೀಚರ್" ಎಂದು ಸಿಹಿ ತಂದವರನ್ನು ನಾನು ಯಾವ ವರ್ಗ ಎಂದು ಕೇಳುವುದು ಇದಕ್ಕೇ. ಸೀಟು ಸಿಗುವುದು ಬೇರೆ, ಹಣ ಸಿಗುವುದು ಬೇರೆ. ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ಯಾವ ಫೆಲೋಶಿಪ್ಪೂ ಇಲ್ಲದೆ ಅತಿಥಿ ಉಪನ್ಯಾಸಕರಾಗಿ ದುಡಿಯುತ್ತಾ ಪಿಎಚ್.ಡಿ. ಮಾಡುವವರು ಎಷ್ಟೋ ಮಂದಿ ಇದ್ದಾರೆ. ಅವರ ಶ್ರಮಕ್ಕೆ ನನ್ನ ಸಲಾಂ. ಆದರೆ ನಿಮಗೆ ಆಯ್ಕೆ ಇರುವಾಗ ಹಣವಿರುವ ಜಾಗಕ್ಕೆ ಮೊದಲು ಪ್ರಯತ್ನಿಸಿ.

ನಮ್ಮ ಸಮುದಾಯಕ್ಕೆ ಸಂಬಂಧಪಟ್ಟ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಅಲ್ಪಸಂಖ್ಯಾತ ವಿದ್ಯಾರ್ಥಿಗಳ ಎಂ.ಫಿಲ್., ಪಿಎಚ್.ಡಿ.ಗಾಗಿ 2009ರಲ್ಲಿ ಬಂದ ಮೌಲಾನಾ ಆಜಾದ್ ರಾಷ್ಟ್ರೀಯ ಫೆಲೋಶಿಪ್ಪನ್ನು 2022-23ರಿಂದ ನಿಲ್ಲಿಸಲಾಗಿದೆ ಎಂದು ಕೇಂದ್ರ ಸರ್ಕಾರ 2022ರ ಡಿಸೆಂಬರಿನಲ್ಲಿ ಲೋಕಸಭೆಗೆ ತಿಳಿಸಿತು. ಬೇರೆ ಫೆಲೋಶಿಪ್‌ಗಳಲ್ಲೂ ಈ ವಿದ್ಯಾರ್ಥಿಗಳಿಗೆ ಅವಕಾಶವಿದೆ ಎಂಬುದು ಕೊಟ್ಟ ಕಾರಣ. ಮೊದಲ ತಲೆಮಾರಿನಲ್ಲಿ ಓದುತ್ತಿರುವ ಮನೆಗಳಿಗೆ ಇದು ದೊಡ್ಡ ನಷ್ಟ ಎಂದೇ ನನ್ನ ಅಭಿಪ್ರಾಯ. ಆದರೂ ಇಂದಿಗೂ ಅದೇ ಫೆಲೋಶಿಪ್ಪಿನ ಅರ್ಜಿ ಯಾವಾಗ ಎಂದು ಕೇಳಿಕೊಂಡು ಬರುವ ಮಕ್ಕಳಿದ್ದಾರೆ. ಅದಕ್ಕಾಗಿ ಕಾಯಬೇಡಿ. ನಮ್ಮ ರಾಜ್ಯದ ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆಯ ಪಿಎಚ್.ಡಿ. ಫೆಲೋಶಿಪ್ಪಿನ ಮೊತ್ತ, ನಿಯಮಗಳು ಬದಲಾಗುತ್ತಾ ಬಂದಿವೆ. ಆಯಾ ವರ್ಷದ ಅಧಿಸೂಚನೆಯನ್ನು ಜಿಲ್ಲಾ ಕಚೇರಿಯಲ್ಲಿ ಕೇಳಿ ಓದಿಕೊಳ್ಳಬೇಕು. ಇನ್ನೊಂದು: ಕೇಂದ್ರದ ಪರೀಕ್ಷೆಗಳಿಗೆ ಕೇಂದ್ರದ ನಮೂನೆಯಲ್ಲೇ ಒಬಿಸಿ ಪ್ರಮಾಣಪತ್ರ ಬೇಕು, ರಾಜ್ಯದ ಪ್ರವರ್ಗದ ಪತ್ರ ನಡೆಯುವುದಿಲ್ಲ. ಕೊನೆಯ ದಿನ ನಾಡಕಚೇರಿಯ ಮುಂದೆ ನಿಂತರೆ ಕೆಲಸ ಆಗುವುದಿಲ್ಲ. (ಹೇಳಿದೆನಲ್ಲ, ನಮೂನೆ ಎಂದರೆ ನಮಗೆ ಇದೇ!)

ಎಲ್ಲಿ ಓದಬೇಕು? ಭಾಗ್ಯವೆಂದರೆ ಈ ವಿದ್ಯೆಯ ದೊಡ್ಡ ಮನೆಗಳು ನಮ್ಮ ರಾಜ್ಯದಲ್ಲೇ ಇವೆ. 1909ರಲ್ಲಿ ಆರಂಭವಾದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ನಮ್ಮ ಜನ ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವ ಆ ಆವರಣದಲ್ಲಿ, ಗಣಕ ಮತ್ತು ದತ್ತಾಂಶ ವಿಜ್ಞಾನಕ್ಕೇ ಒಂದು ವಿಭಾಗವಿದೆ. ಎಂಜಿನಿಯರಿಂಗ್ ಓದಿದವರೂ ವಿಜ್ಞಾನದ ಎಂ.ಎಸ್‌ಸಿ. ಮಾಡಿದವರೂ ಅಲ್ಲಿಗೆ ಹೋಗಬಹುದು. 2022ರಲ್ಲಿ ಅಲ್ಲಿ ಸ್ಥಾಪನೆಯಾದ ಪರಮ್ ಪ್ರವೇಗ ಎಂಬ ಸೂಪರ್ ಕಂಪ್ಯೂಟರಿನ ಸಾಮರ್ಥ್ಯ 3.3 ಪೆಟಾಫ್ಲಾಪ್, ಅಂದರೆ ಸೆಕೆಂಡಿಗೆ 33 ರ ಮುಂದೆ 14 ಸೊನ್ನೆ ಹಾಕಿದಷ್ಟು ಲೆಕ್ಕ. ಜಕ್ಕೂರಿನ ಜವಾಹರಲಾಲ್ ನೆಹರು ಕೇಂದ್ರದಲ್ಲಿ ಹೊಸ ವಸ್ತುಗಳ ಮಾದರಿ, ಜಿಕೆವಿಕೆ ಆವರಣದ ಎನ್‌ಸಿಬಿಎಸ್‌ನಲ್ಲಿ ಜೀವಕೋಶ, ಮೆದುಳಿನ ಮಾದರಿ, ಹೆಸರಘಟ್ಟದ ಕಡೆಯ ಐಸಿಟಿಎಸ್‌ನಲ್ಲಿ ಮಾನ್ಸೂನಿನಿಂದ ಗುರುತ್ವ ಅಲೆಗಳವರೆಗೆ ಕೆಲಸ ನಡೆಯುತ್ತದೆ. ಹೊರಗೆ ಚೆನ್ನೈನ ಗಣಿತ ವಿಜ್ಞಾನ ಸಂಸ್ಥೆಯಲ್ಲಿ ಕಂಪ್ಯೂಟೇಶನಲ್ ಬಯಾಲಜಿಯಲ್ಲೇ ಪಿಎಚ್.ಡಿ. ಇದೆ. ಇಂಥ ಸಂಸ್ಥೆಗಳಲ್ಲಿ ಸೀಟು ಸಿಕ್ಕರೆ ಸಾಮಾನ್ಯವಾಗಿ ವಿದ್ಯಾರ್ಥಿವೇತನವೂ ಜೊತೆಗೇ ಬರುತ್ತದೆ. ನೆಟ್, ಗೇಟ್, ಜೆಸ್ಟ್ ಇವೆಲ್ಲ ಇವುಗಳ ಬಾಗಿಲುಗಳು. ಬಿ.ಎಸ್‌ಸಿ. ಮುಗಿಸಿದವರಿಗೆ ಇನ್ನೂ ನೇರವಾದ ಬಾಗಿಲು ಇಂಟಿಗ್ರೇಟೆಡ್ ಪಿಎಚ್.ಡಿ. ವಿಜ್ಞಾನ ಸಂಸ್ಥೆಯಲ್ಲಿ ಇದಕ್ಕೆ ಜಾಮ್ ಪರೀಕ್ಷೆ ಬರೆಯಬೇಕು. ಅದು ಫೆಬ್ರವರಿಯಲ್ಲಿ, ಆದರೆ ಅರ್ಜಿ ಅದಕ್ಕೂ ಹಲವು ತಿಂಗಳು ಮೊದಲೇ ತೆರೆದು ಮುಚ್ಚುತ್ತದೆ.

ವಿದೇಶದ ವಿಷಯ ಸಂಕ್ಷೇಪವಾಗಿ ಹೇಳುತ್ತೇನೆ, ಏಕೆಂದರೆ ಅದರ ಬಗ್ಗೆ ಏಜೆಂಟರು ಬೇಕಾದಷ್ಟು ಹೇಳುತ್ತಾರೆ. ಜರ್ಮನಿ, ನೆದರ್ಲೆಂಡ್ಸ್, ಸ್ವೀಡನ್, ನಾರ್ವೆಗಳಲ್ಲಿ ಪಿಎಚ್.ಡಿ. ಸ್ಥಾನವೆಂದರೆ ಬಹುಮಟ್ಟಿಗೆ ನೌಕರಿಯೇ, ಖಾಲಿ ಹುದ್ದೆಯಂತೆ ಜಾಹೀರಾತು ಬರುತ್ತದೆ. ಯುರೋಪಿನ ಮೇರಿ ಕ್ಯೂರಿ ಹೆಸರಿನ ಡಾಕ್ಟರಲ್ ಜಾಲಗಳಿಗೆ ಯಾವ ದೇಶದವರೂ ಅರ್ಜಿ ಹಾಕಬಹುದು. ಆದರೆ ನೇಮಕಕ್ಕೆ ಹಿಂದಿನ 36 ತಿಂಗಳಲ್ಲಿ 12 ತಿಂಗಳಿಗಿಂತ ಹೆಚ್ಚು ಕಾಲ ಆ ದೇಶದಲ್ಲಿ ಇದ್ದಿರಬಾರದು. ಬ್ರಿಟನ್ನಿನ ಸಂಶೋಧನಾ ಮಂಡಳಿಗಳ ಕನಿಷ್ಠ ವೇತನ 2025-26ಕ್ಕೆ ವರ್ಷಕ್ಕೆ 20,780 ಪೌಂಡು. ಹೊರದೇಶದವರಿಗೆ ಮೂವತ್ತು ಪ್ರತಿಶತದ ಮಿತಿ ಇದೆ, ಶುಲ್ಕದ ವ್ಯತ್ಯಾಸವನ್ನು ಯಾರು ತುಂಬುತ್ತಾರೆ ಎಂದು ಮೊದಲೇ ಕೇಳಬೇಕು. ಅಮೆರಿಕದ ಇಂಧನ ಇಲಾಖೆ ಇದೇ ವಿದ್ಯೆಗೆ 1991ರಿಂದ ಫೆಲೋಶಿಪ್ ಕೊಡುತ್ತಾ ಬಂದಿದೆ, ಆದರೆ ಅದು ಅಲ್ಲಿನ ಪ್ರಜೆಗಳಿಗೆ ಮತ್ತು ಕಾಯಂ ನಿವಾಸಿಗಳಿಗೆ. ಅರ್ಹತೆಯ ಪುಟವನ್ನು ಮೊದಲು ಓದಿದರೆ ತಿಂಗಳುಗಟ್ಟಲೆ ಶ್ರಮ ಉಳಿಯುತ್ತದೆ. ಯಾರಾದರೂ ಫೆಲೋಶಿಪ್ ಕೊಡಿಸಲು ಲಕ್ಷ ಕೇಳಿದರೆ ಅದು ಫೆಲೋಶಿಪ್ ಅಲ್ಲ, ವ್ಯಾಪಾರ.

ಪೋಷಕರೇ, ಈಗ ನಿಮ್ಮ ಜೊತೆ ಎರಡು ಮಾತು. ಮಗ ಇಪ್ಪತ್ತೆರಡಕ್ಕೆ ದುಡಿಯಬೇಕು ಎಂಬ ನಿಮ್ಮ ಚಿಂತೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಅಂಗಡಿಯ ಬಾಡಿಗೆ, ತಂಗಿಯ ಮದುವೆ, ಮನೆಯ ಸಾಲ ಇವೆಲ್ಲ ನಿಜ. ಐದಾರು ವರ್ಷ 37,000-42,000ದಲ್ಲಿ ಇರುವವನ ಜೊತೆ ಓದಿದವರು ಸಾಫ್ಟ್‌ವೇರ್ ಕಂಪನಿಯಲ್ಲಿ ಹೆಚ್ಚು ಗಳಿಸುತ್ತಿರಬಹುದು. ಪಿಎಚ್.ಡಿ. ಮುಗಿದ ಕೂಡಲೇ ಪ್ರಾಧ್ಯಾಪಕ ಹುದ್ದೆ ಕಾದಿರುವುದಿಲ್ಲ ಎಂಬುದೂ ಸತ್ಯ. ಆದರೆ ಮಾದರಿ ಕಟ್ಟುವ, ಪ್ರೋಗ್ರಾಂ ಬರೆಯುವ ಕೌಶಲ ಇದ್ದವರಿಗೆ ಔಷಧ ಕಂಪನಿ, ಬ್ಯಾಂಕು, ಹವಾಮಾನ ಸಂಸ್ಥೆಗಳ ಬಾಗಿಲೂ ತೆರೆದಿರುತ್ತದೆ. ಹೆಣ್ಣುಮಕ್ಕಳ ಬಗ್ಗೆ "ಮದುವೆ ಆದ ಮೇಲೆ ಹೇಗೆ?" ಎನ್ನುತ್ತೀರಿ. ಯುಜಿಸಿಯ 2022ರ ನಿಯಮದಲ್ಲಿ ಪಿಎಚ್.ಡಿ. ಅವಧಿಯಲ್ಲಿ ಹೆರಿಗೆ ಮತ್ತು ಶಿಶುಪಾಲನೆಗೆ 240 ದಿನಗಳವರೆಗೆ ರಜೆ ಇದೆ, ಮುಗಿಸಲು ಮಹಿಳೆಯರಿಗೆ ಎರಡು ವರ್ಷ ಹೆಚ್ಚಿನ ಕಾಲಾವಕಾಶವೂ ಇದೆ. ನಿಕಾಹದ ಮಾತುಕತೆಯಲ್ಲಿ ಮೆಹರ್ ಎಷ್ಟು ಎಂದು ಮಾತನಾಡುವಾಗ ಹುಡುಗಿಯ ಓದು ಮುಂದುವರಿಯುತ್ತದೆಯೇ ಎಂದೂ ಮಾತನಾಡಬಹುದು.

ವಿದ್ಯಾರ್ಥಿಗಳೇ, ನಿಮ್ಮಿಂದ ಬೇಕಾದದ್ದು ಗಣಿತ. ಪಿಯುಸಿಯಲ್ಲಿ, ಪದವಿಯಲ್ಲಿ ಗಣಿತ ಕಷ್ಟವೆಂದು ಬಿಡುವವರು ನಮ್ಮಲ್ಲಿ ಹೆಚ್ಚು, ಅದರಲ್ಲೂ ಹುಡುಗಿಯರಿಗೆ "ಸಿಬಿಜೆಡ್ ಸಾಕು ಬೇಟಾ" ಎನ್ನುವ ಮನೆಗಳು ಹೆಚ್ಚು. ಜೀವಶಾಸ್ತ್ರದಿಂದಲೂ ಈ ಕ್ಷೇತ್ರಕ್ಕೆ ಬರಬಹುದು, ಆದರೆ ಬಿಟ್ಟ ಗಣಿತವನ್ನು ಆಮೇಲೆ ದುಪ್ಪಟ್ಟು ಕಷ್ಟಪಟ್ಟು ಕಲಿಯಬೇಕು. ಅಲ್ಗಾರಿದಮ್ ಎಂಬ ಪದ ಒಂಬತ್ತನೇ ಶತಮಾನದ ಬಗ್ದಾದಿನ ಅಲ್-ಖ್ವಾರಿಜ್ಮಿಯ ಹೆಸರಿನಿಂದ ಬಂದಿದೆ ಎಂದು ನಮ್ಮ ಪ್ರತಿ ಸಮಾರಂಭದಲ್ಲೂ ಯಾರಾದರೂ ಹೇಳಿ ಚಪ್ಪಾಳೆ ಗಿಟ್ಟಿಸುತ್ತಾರೆ. ಚಪ್ಪಾಳೆ ಹೊಡೆದವರಲ್ಲಿ ಎಷ್ಟು ಜನ ಮನೆಗೆ ಹೋಗಿ ಒಂದು ಲೆಕ್ಕ ಬಿಡಿಸುತ್ತಾರೆ?

ಪ್ರೋಗ್ರಾಂ ಬರೆಯುವುದನ್ನು ಕಲಿಯಲು ದುಬಾರಿ ತರಬೇತಿ ಬೇಕಿಲ್ಲ. ಪೈಥಾನ್ ಭಾಷೆ ಉಚಿತ. ಅಣುಗಳ ಚಲನೆ ಲೆಕ್ಕ ಮಾಡುವ ಗ್ರೋಮ್ಯಾಕ್ಸ್ ಎಂಬ, ಸಂಶೋಧಕರೇ ಬಳಸುವ ತಂತ್ರಾಂಶವೂ ಉಚಿತ. ಐಐಟಿಗಳು ಮತ್ತು ವಿಜ್ಞಾನ ಸಂಸ್ಥೆಯ ಎನ್‌ಪಿಟಿಇಎಲ್ ಪಾಠಗಳನ್ನು ಹಣ ಕೊಡದೆ ನೋಡಬಹುದು. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್‌ನ ಹಲವು ಪಾಠಗಳು ಕನ್ನಡದ ಧ್ವನಿಯಲ್ಲೂ ಇವೆ. ಕನ್ನಡ ಮತ್ತು ಉರ್ದು ಮಾಧ್ಯಮದ ಮಕ್ಕಳಿಗೆ ನಾನು ಅಲ್ಲಿಂದಲೇ ಶುರು ಮಾಡಿ ಎನ್ನುತ್ತೇನೆ. ಮೊದಲ ಅಭ್ಯಾಸಕ್ಕೆ ಆ ಚಹಾದ ಲೆಕ್ಕವೇ ಸಾಕು, ಹತ್ತು ಸಾಲಿನಲ್ಲಿ ಮುಗಿಯುತ್ತದೆ.

ಕೊನೆಯದಾಗಿ ನನ್ನ ಕಸುಬಿನ ಮಾತು, ಪತ್ರ. ಪ್ರಾಧ್ಯಾಪಕರಿಗೆ ಬರೆಯುವಾಗ "ತಮ್ಮ ಘನ ಸಂಸ್ಥೆಯಲ್ಲಿ ಸೇವೆ ಸಲ್ಲಿಸುವ ಸದವಕಾಶ" ಎಂದು ಅರ್ಧ ಪುಟ ಹೊಗಳಿಕೆ ತುಂಬಬೇಡಿ. ಅವರ ಒಂದು ಪ್ರಬಂಧವನ್ನಾದರೂ ಓದಿ, ಅದರಲ್ಲಿ ನಿಮಗೆ ಅರ್ಥವಾದದ್ದು ಏನು, ಕೇಳಬೇಕಾದ ಪ್ರಶ್ನೆ ಏನು ಎಂದು ನಾಲ್ಕು ಸಾಲು ಬರೆಯಿರಿ. ನೀವು ಬರೆದ ಒಂದು ಸಣ್ಣ ಪ್ರೋಗ್ರಾಂ ಇದ್ದರೆ ಹೇಳಿ. ಒಂದೇ ಪತ್ರವನ್ನು ಹೆಸರು ಬದಲಿಸಿ ಐವತ್ತು ಜನರಿಗೆ ಕಳಿಸಿದರೆ ಅವರಿಗೆ ತಿಳಿಯುತ್ತದೆ. ಕರಡು ಬರೆದುಕೊಂಡು ಶನಿವಾರ ಶಾಲೆ ಬಿಟ್ಟ ಮೇಲೆ ಸಂಸ್ಥೆಯ ವಾಚನಾಲಯಕ್ಕೆ ಬನ್ನಿ, ಇಂಗ್ಲಿಷ್ ಶಿಕ್ಷಕರೂ ಕುಳಿತುಕೊಳ್ಳಲು ಒಪ್ಪಿದ್ದಾರೆ. ಅಂಕಪಟ್ಟಿಯ ಒಂದು ನಕಲು ತನ್ನಿ, ಮತ್ತು ಯಾವ ಪರೀಕ್ಷೆ, ಯಾವ ದಿನಾಂಕ ಎಂದು ಒಂದು ಚೀಟಿಯಲ್ಲಿ ಬರೆದು ತನ್ನಿ.